ಹಿರಾಸುವಿನ ಐದು ಗಂಟೆಯ ಧಾಟಿ

ಹಿರಾಸು ಪಟ್ಟಣದಲ್ಲಿ ಉನುಮಾ ಚಿಗುಸಾ ಅವರ ಮುಖಕ್ಕಿಂತ ದನಿಯನ್ನು ಬಲ್ಲವರೇ ಹೆಚ್ಚು. ಪಟ್ಟಣ ಕಚೇರಿಯ ಎರಡನೇ ಮಹಡಿಯ ಕಿರುಕೋಣೆಯಲ್ಲಿ ಕೂತು, ಬಂದರಿನ ಕಂಬಕ್ಕೂ ಗುಡ್ಡದ ಕಂಬಕ್ಕೂ ಕೊಲ್ಲಿಯಾಚೆಯ ಶಾಲೆಯ ಕಂಬಕ್ಕೂ ಕಟ್ಟಿರುವ ಧ್ವನಿವರ್ಧಕಗಳಲ್ಲಿ ಪ್ರಕಟಣೆ ಓದುವುದು ಅವರ ಕೆಲಸ. ಸೇತುವೆಯ ಬಳಿ ಕರಡಿ ಕಂಡಿದೆ. ಕಂದು ಕೋಟು ತೊಟ್ಟ ಅಜ್ಜ ಬೆಳಿಗ್ಗೆ ಹೋದವರು ಮನೆಗೆ ಮರಳಿಲ್ಲ. ನಾಳೆ ಅಲೆ ಜೋರು, ದೋಣಿಗಳನ್ನು ಬಿಗಿದು ಕಟ್ಟಿ. ಬಂದರಿನ ಮೀನಂಗಡಿಯಲ್ಲಿ ಚಿಗುಸಾ ಬಾಯಿ ತೆರೆದು "ನಾಲ್ಕು ಬಂಗುಡೆ ಕೊಡಿ" ಅಂದರೆ ಸಾಕು, ಅಂಗಡಿಯ ತೊಶಿ ತಿರುಗಿಯೂ ನೋಡದೆ ಕೇಳುತ್ತಾರೆ: "ಅಯ್ಯೋ, ಎಲ್ಲಿವರೆಗೆ ಬಂತು ಕರಡಿ?"

ಈ ತಮಾಷೆಗೆ ಚಿಗುಸಾ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಕಳೆದ ಶರತ್ಕಾಲದಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಅವರು ಮನೆಯಲ್ಲೇ ಕೂತು ಸಂಗೀತ ತಯಾರಿಸುವುದನ್ನು ಕಲಿಯಲು ಹೊರಟರು. ಶಾಲೆಯ ವಾದ್ಯತಂಡದಲ್ಲಿ ಕ್ಲಾರಿನೆಟ್ ಊದಿದ್ದು ಬಿಟ್ಟರೆ ಬೇರೆ ಅನುಭವವಿರಲಿಲ್ಲ. ತಲೆಯಲ್ಲಿ ಮಾತ್ರ ಒಂದು ಪುಟ್ಟ ಧಾಟಿ ಇತ್ತು. ದಾರಿಯಲ್ಲಿ ನಡೆಯುವಾಗ, ಅಕ್ಕಿ ತೊಳೆಯುವಾಗ ಬಂದು ಹೋಗುವಂಥದ್ದು. ಮೂರನೆಯ ಸ್ವರದಲ್ಲಿ ಅದು ನಿರೀಕ್ಷೆ ಮೀರಿ ಮೇಲಕ್ಕೆ ಜಿಗಿಯುತ್ತಿತ್ತು. ಆ ಜಿಗಿತ ಅವರಿಗೆ ಇಷ್ಟ. ಅದನ್ನು ಹೊರಗೆ ತೆಗೆದು ಕೇಳಬೇಕು ಅನ್ನುವುದಷ್ಟೇ ಆಸೆ.

ಕಂಪ್ಯೂಟರಿಗೆ ಹಾಕಿಕೊಂಡ ತಂತ್ರಾಂಶ ಮೊದಲ ದಿನ ತೆರೆದಾಗ ವಿಮಾನದ ಚಾಲಕನ ಮುಂದಿನ ಹಲಗೆಯಂತೆ ಕಂಡಿತು. ಕಲಿಸಲು ಒಬ್ಬ ಗುರು ಸಿಕ್ಕಿದ. ಕಿತ್ತಳೆ ಟೋಪಿಯ ಯುವಕ, ಎಲ್ಲೋ ಸೈತಾಮಾ ಕಡೆಯವನು, ವಿಡಿಯೋಗಳಲ್ಲಿ ಪಾಠ ಹೇಳುವವನು. ಪ್ರತಿ ಪಾಠದ ಕೊನೆಗೂ "ನೋಡಿದ್ರಾ, ಎಷ್ಟು ಸುಲಭ!" ಅನ್ನುತ್ತಿದ್ದ. ಅವನು ಹೇಳಿದ್ದನ್ನೆಲ್ಲ ಮಾಡಿದ ಮೇಲೂ ಚಿಗುಸಾ ಅವರ ಕಂಪ್ಯೂಟರ್ ಉಸಿರೆತ್ತಲಿಲ್ಲ. ಡೋಲಿನ ಟ್ರ್ಯಾಕ್ ಓಡುತ್ತಿತ್ತು, ಪರದೆಯಲ್ಲಿ ಹಸಿರು ಪಟ್ಟಿ ಕುಣಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಅರ್ಧ ಭಾನುವಾರ ಗುಂಡಿಗಳನ್ನು ಒತ್ತುತ್ತಾ ಕಳೆದರು. ಸದ್ದೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾದದ್ದು ಕೆಳಗಿನಿಂದ ಅತ್ತೆ ಕಿಯೆ ಕೂಗಿದಾಗ.

"ಚಿಗುಸಾ! ಬಾರೇ ಇಲ್ಲಿ! ಈ ಟಿವಿಯ ಕುಸ್ತಿಯವನ ಹೊಟ್ಟೆಯೊಳಗೆ ಯಾರೋ ಡೋಲು ಬಡೀತಿದಾರೆ!"

ಕಿವಿ ಮಂದವಾಗಿರುವ ಕಿಯೆ ಟಿವಿ ನೋಡುವಾಗ ಮೊಣಕಾಲ ಪಕ್ಕ ಒಂದು ಪುಟ್ಟ ತಂತಿರಹಿತ ಸ್ಪೀಕರ್ ಇಟ್ಟುಕೊಳ್ಳುತ್ತಾರೆ. ಮಹಡಿಯ ಕಂಪ್ಯೂಟರ್ ಅದನ್ನೇ ತನ್ನದೆಂದು ಹಿಡಿದುಕೊಂಡಿತ್ತು.

"ಯಂತ್ರದ ತಪ್ಪು, ಅಮ್ಮಾ."

"ಯಂತ್ರ ತಾನಾಗೇ ಡೋಲು ಬಡಿಯುತ್ತೇನೇ? ಅದೂ ಇಷ್ಟು ಕೆಟ್ಟದಾಗಿ?"

ನವೆಂಬರಿನಲ್ಲಿ ಕಚೇರಿಯಲ್ಲೊಂದು ಸಭೆ ನಡೆಯಿತು. ಧ್ವನಿವರ್ಧಕಗಳ ಹಳೆಯ ಯಂತ್ರ ಮಾರ್ಚಿನಲ್ಲಿ ಹೋಗಿ ಹೊಸದು ಬರಲಿತ್ತು. ಅದರೊಂದಿಗೆ ದಿನಾ ಸಂಜೆ ಐದಕ್ಕೆ ಮೊಳಗುತ್ತಿದ್ದ ಧಾಟಿಯೂ ಹೋಗಲಿತ್ತು. ಆ ಧಾಟಿ ಕೇಳಿ ಮಕ್ಕಳು ಆಟ ಬಿಟ್ಟು ಮನೆಗೆ ಹೋಗುತ್ತಾರೆ, ಅಂಗಡಿಗಳು ಬಾಗಿಲು ಎಳೆಯುತ್ತವೆ. ಕಚೇರಿಗೆ ಅದು ಬೇರೆಯೇ ಕಾರಣಕ್ಕೆ ಬೇಕು. ಯಾವ ಕಂಬ ಮೂಕವಾಗಿದೆ ಎಂಬುದು ಭೂಕಂಪದ ದಿನವಲ್ಲ, ಅದರ ಹಿಂದಿನ ದಿನವೇ ತಿಳಿಯಬೇಕು. ಹೊಸ ಯಂತ್ರದೊಳಗೆ ಕಾರ್ಖಾನೆಯವರು ತುಂಬಿಸಿ ಕಳಿಸಿದ ಧಾಟಿ ಒಂದಿತ್ತು. ಪಕ್ಕದ ಪಟ್ಟಣದಲ್ಲಿ ಆಗಲೇ ಅದು ಮೊಳಗುತ್ತಿತ್ತು.

"ಅವರದ್ದೇ ನಮಗೂ ಅಂದ್ರೆ ಜನ ಬೈತಾರೆ," ಅಂದರು ವಿಭಾಗದ ಮುಖ್ಯಸ್ಥ ಕುಮಗಾಯ್. "ನಮ್ಮಲ್ಲಿ ಯಾರಿಗಾದ್ರೂ ಸಂಗೀತ ಗೊತ್ತಾ?"

ಎಲ್ಲರೂ ಮೇಜು ನೋಡಿದರು. ಚಿಗುಸಾ ಕೈ ಎತ್ತಿದರು.

"ಉನುಮಾ ಸಾನ್, ನೀವಾ?"

"ಕಲೀತಾ ಇದೀನಿ."

"ಕಲಿತದ್ದು ಬೇಕು, ಕಲೀತಿರೋದಲ್ಲ," ಅಂದರು ಕುಮಗಾಯ್. ಆದರೂ ಒಪ್ಪಿದರು. ಫೆಬ್ರವರಿಯಲ್ಲಿ ಹಳೆಯ ಯಂತ್ರದಲ್ಲೇ ಒಂದು ಪ್ರಯೋಗ ಮಾಡುವುದು. ಸರಿಬಾರದಿದ್ದರೆ ಕಾರ್ಖಾನೆಯದ್ದೇ ಗತಿ. ಒಮ್ಮೆ ಕೂರಿಸಿದರೆ ಮುಂದಿನ ಯಂತ್ರ ಬರುವವರೆಗೂ ಅದೇ. ಅಷ್ಟರಲ್ಲಿ ಚಿಗುಸಾ ನಿವೃತ್ತರಾಗಿರುತ್ತಾರೆ.

ಆ ಚಳಿಗಾಲವನ್ನು ಅವರು ಹಾಸಿಗೆ ಇಡುವ ಗೋಡೆಕಪಾಟಿನಲ್ಲಿ ಕಳೆದರು ಎನ್ನಬಹುದು. ಮೈಕಿಗೆ ಎಲ್ಲವೂ ಕೇಳುತ್ತಿತ್ತು. ಫ್ರಿಜ್ಜಿನ ಗೊರಗೊರ, ಕಾಗೆ, ಪಕ್ಕದ ಕೊಟ್ಟಿಗೆಯಲ್ಲಿ ಕಡಲಪಾಚಿ ಬೇಯಿಸುವ ಬಾಯ್ಲರ್. ಗಾಜಿನ ಗಂಟೆಯೊಂದರ ಶುದ್ಧ ನಾದ ಹಿಡಿಯಬೇಕೆಂದು ಅವರು ರಜಾಯಿಗಳ ನಡುವೆ ಮಂಡಿಯೂರಿ, ತಲೆಯ ಮೇಲೆ ಇನ್ನೊಂದು ರಜಾಯಿ ಹೊದ್ದು, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಒಂದು ಸಂಜೆ ಎಲ್ಲ ಸದ್ದುಗಳೂ ಒಟ್ಟಿಗೆ ನಿಂತವು. ಗಂಟೆ ಮುಟ್ಟಿದರು. ನಾದ ತೇಲುತ್ತಾ ಇನ್ನೇನು ಮುಗಿಯಬೇಕು, ಆಗ ಕಪಾಟಿನ ಬಾಗಿಲು ಸರ್ರನೆ ಜಾರಿತು. ಗಂಡ ಮೊರಿಯೊ ನಿಂತಿದ್ದರು.

"ಬಾಗಿಲಿಗೆ ಚೀಟಿ ಅಂಟಿಸಿದೀನಲ್ಲ! ಕಾಣಲ್ವಾ?"

"ಚೀಟಿ ಓದ್ದೆ. ನನ್ನ ಉಣ್ಣೆ ಚಡ್ಡಿ ಒಳಗಿದೆ. ಏನ್ಮಾಡ್ಲಿ ಹೇಳು?"

"ಇನ್ನೊಂದು ನಿಮಿಷ ಚಡ್ಡಿ ಇಲ್ದೆ ನಿಂತಿದ್ರೆ ಸತ್ತೋಗ್ತಿದ್ರಾ?"

"ನಾನು ಬೆಳಗಿನಿಂದ ಸಮುದ್ರದಲ್ಲಿದ್ದೆ," ಎಂದರು ಮೊರಿಯೊ, ಚಡ್ಡಿ ಹುಡುಕುತ್ತಾ. "ನೀನು ಕಪಾಟಿನಲ್ಲಿದ್ದೆ. ಇಬ್ಬರಲ್ಲಿ ಯಾರಿಗೆ ಚಳಿ?"

ಆ ಧ್ವನಿಮುದ್ರಣ ಈಗಲೂ ಇದೆ. ಗಂಟೆ, ಬಾಗಿಲು, ಆಮೇಲೆ ಚಡ್ಡಿ.

ಜನವರಿಯ ಕೊನೆಗೆ ನಲವತ್ತು ಸೆಕೆಂಡಿನ ಒಂದು ಕೃತಿ ತಯಾರಾಯಿತು. ತಲೆಯಲ್ಲಿದ್ದ ಧಾಟಿ ಪಿಯಾನೋದಲ್ಲಿ. ಅದರ ಹಿಂದೆ ಪಿಟೀಲುಗಳ ಹಾಸು. ಅದಕ್ಕೊಂದಕ್ಕೇ ಡಿಸೆಂಬರ್ ಪೂರ್ತಿ ಹೋಗಿತ್ತು. ಅಡಿಯಲ್ಲಿ ಅಲೆಯಂತೆ ಬಂದುಹೋಗುವ ದಪ್ಪ ಡೋಲು. ಕೊನೆಯಲ್ಲಿ ಕಡಲಹಕ್ಕಿಗಳು. ಕಿತ್ತಳೆ ಟೋಪಿಯವನು "ಸ್ವಲ್ಪ ಪ್ರತಿಧ್ವನಿ ಸೇರಿಸಿ, ದೊಡ್ಡ ದೇಗುಲದಲ್ಲಿ ನುಡಿಸಿದ ಹಾಗಿರುತ್ತೆ" ಎಂದಿದ್ದ. ಧಾರಾಳವಾಗಿ ಸೇರಿಸಿದರು. ಹೆಡ್‌ಫೋನಿನಲ್ಲಿ ಅದು ನಿಜಕ್ಕೂ ಚೆನ್ನಾಗಿತ್ತು. ಮೂರನೆಯ ಸ್ವರ ಜಿಗಿದಾಗ ಚಿಗುಸಾ ಅವರ ಕತ್ತಿನ ಹಿಂದೆ ಕೂದಲು ನಿಮಿರುತ್ತಿತ್ತು.

ಮೊರಿಯೊ ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದರು. "ಚೆನ್ನಾಗಿದೆ. ಸಿನಿಮಾದಲ್ಲಿ ಆಸ್ಪತ್ರೆ ಸೀನಿಗೆ ಬರೋ ಹಾಗಿದೆ."

ಕಿಯೆ ಕೇಳಿದ್ದು ಒಂದೇ ಪ್ರಶ್ನೆ: "ಹೊರಗೆ ಇಷ್ಟೊಂದು ಹಕ್ಕಿ ಪುಕ್ಕಟೆ ಕಿರುಚ್ತಾವೆ, ಇದರೊಳಗೂ ಯಾಕೆ ಹಾಕ್ದೆ?"

ಪ್ರಯೋಗದ ದಿನ ಚಿಗುಸಾ ಬಂದರಿಗೆ ಹೋಗಿ ನಿಂತರು. ತನ್ನ ಸಂಗೀತವನ್ನು ಬಯಲಿನಲ್ಲಿ ಕೇಳುವುದು ಅವರಿಗೆ ಅದೇ ಮೊದಲು. ಐದಕ್ಕೆ ಸರಿಯಾಗಿ ತಲೆಯ ಮೇಲಿನ ಕಂಬದಿಂದ ಪಿಯಾನೋ ಶುರುವಾಯಿತು. ಎರಡನೆಯ ಸ್ವರ ಬರುವಷ್ಟರಲ್ಲಿ ಗುಡ್ಡದ ಕಂಬದ ಮೊದಲ ಸ್ವರ ಬಂದು ಅದರ ಮೇಲೆ ಬಿತ್ತು. ಅವೆರಡರ ಮೇಲೆ ಕೊಲ್ಲಿಯಾಚೆಯ ಶಾಲೆಯದು. ಅಷ್ಟನ್ನೂ ಎದುರಿನ ಬಂಡೆ ಮರಳಿ ಕೊಟ್ಟಿತು. ಡೋಲು ಎಲ್ಲೂ ಇರಲಿಲ್ಲ. ಆ ತಗಡಿನ ಬಾಯಿಗಳಿಗೆ ಅಷ್ಟು ದಪ್ಪ ಸದ್ದು ಉಗುಳಲು ಬರುವುದೇ ಇಲ್ಲ. ಪಿಟೀಲುಗಳು ಸೊಳ್ಳೆಗಳಾದವು. ಸ್ವರಗಳು ಒಂದರೊಳಗೊಂದು ಕಲಸಿಕೊಂಡು, ಏರಿ ಇಳಿಯುವ ಒಂದೇ ನರಳಾಟವಾಗಿ ಪಟ್ಟಣದ ಮೇಲೆ ಹರಡಿತು.

ತೊಶಿ ಕೈಯಲ್ಲಿ ಚಾಕು ಹಿಡಿದೇ ಹೊರಗೆ ಬಂದರು. "ಏನಿದು? ಕಂಬಕ್ಕೆ ಹೊಟ್ಟೆನೋವಾ?"

ಚಿಗುಸಾ ಕಚೇರಿಗೆ ಮರಳಿದಾಗ ಕುಮಗಾಯ್ ಫೋನಿನಲ್ಲಿದ್ದರು. ಅತ್ತ ಕಡೆ ಮಾತಾಡುತ್ತಿದ್ದವರು ದೇಗುಲದ ಹಿಂದಿನ ಮನೆಯ ಅಜ್ಜಿ. ಸುನಾಮಿಯ ಎಚ್ಚರಿಕೆ ಎಂದುಕೊಂಡು ತುರ್ತುಚೀಲ ಬೆನ್ನಿಗೇರಿಸಿ, ಹಿಮದಲ್ಲಿ ಗುಡ್ಡ ಹತ್ತಿ ನಿಂತಿದ್ದರು. ಇಳಿಯಬಹುದೇ ಎಂದು ಕೇಳುತ್ತಿದ್ದರು.

"ಇಳೀರಿ, ಅಜ್ಜಿ. ನಿಧಾನ. ಇಲ್ಲ, ಅಲೆ ಇಲ್ಲ. ಅದು ಸಂಗೀತ." ಕುಮಗಾಯ್ ಫೋನ್ ಇಟ್ಟು ಕನ್ನಡಕ ಒರೆಸಿಕೊಂಡರು. "ಉನುಮಾ ಸಾನ್, ಆಕೆ ಜಾರಿ ಬಿದ್ದಿದ್ರೆ?"

"ನಾನೇ ಹೋಗಿ ಕ್ಷಮೆ ಕೇಳಿ ಬರ್ತೀನಿ."

"ಹೋಗಿ ಬನ್ನಿ. ತಿಂಗಳ ಕೊನೆಗೆ ಇನ್ನೊಂದು ಸಲ ನೋಡೋಣ. ಅದೇ ಕೊನೆ."

ಮುಂದಿನ ದಿನಗಳಲ್ಲಿ ಅವರು ಕಂಬಗಳನ್ನು ಬೈದರು, ಬಂಡೆಯನ್ನು ಬೈದರು, ಕಿತ್ತಳೆ ಟೋಪಿಯವನನ್ನಂತೂ ಎದುರಿಗಿದ್ದಂತೆ ಬೈದರು. ಸದ್ದು ಹೆಚ್ಚಿಸಿ ನೋಡಿದರು, ವೇಗ ತಗ್ಗಿಸಿ ನೋಡಿದರು. ಮನೆಯ ಹೆಡ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತಿತ್ತು. ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಒಂದು ಬೆಳಿಗ್ಗೆ ಮತ್ತೆ ಕರಡಿಯ ಪ್ರಕಟಣೆ ಬಂತು. ಚಿಗುಸಾ ಮೈಕಿನ ಮುಂದೆ ಕೂತು ಎಂದಿನಂತೆ ಓದಿದರು: "ಇದು… ಹಿರಾಸು ಪಟ್ಟಣ ಕಚೇರಿ… ಸೇತುವೆಯ ಬಳಿ…" ಒಂದೊಂದು ತುಂಡಿನ ನಂತರವೂ ನಿಲ್ಲಿಸಿ, ಹೋದ ಮಾತು ಬಂಡೆ ಮುಟ್ಟಿ ಮರಳುವವರೆಗೆ ಕಾದು, ಆಮೇಲೆ ಮುಂದಿನ ತುಂಡು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತ ಪಾಠ ಅದು. ಕಿಟಕಿಯಾಚೆ ತನ್ನದೇ ದನಿ ಮರಳುವುದನ್ನು ಕೇಳುತ್ತಾ ಕೂತಿದ್ದವರು ಮುಂದಿನ ತುಂಡು ಓದುವುದನ್ನು ಕ್ಷಣ ಮರೆತರು. ಆ ಹೊತ್ತು ಸಂತೋಷವೇನೂ ಆಗಲಿಲ್ಲವಂತೆ. "ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸ್ತು. ಪ್ರತಿಧ್ವನಿ ಇರೋ ಊರಿಗೆ ನಾನು ಪ್ರತಿಧ್ವನಿ ಸೇರಿಸಿ ಕಳಿಸಿದ್ದೆ," ಎನ್ನುತ್ತಾರೆ ಚಿಗುಸಾ.

ಮಾರನೆಯ ದಿನದ ಪ್ರಕಟಣೆಯ ಹೊತ್ತಿಗೆ ಮೊರಿಯೊ ಫೋನು ಹಿಡಿದು ಬಂದರಿನಲ್ಲಿ ನಿಂತು, ಆಕೆಯ ದನಿಯನ್ನು ಅದರ ಎಲ್ಲ ಮರುದನಿಗಳೊಂದಿಗೆ ಮುದ್ರಿಸಿಕೊಂಡು ಬಂದರು. ಯಾವ ಕಂಬ ಎಷ್ಟು ತಡವಾಗಿ ಬರುತ್ತದೆ ಎಂಬುದು ಪರದೆಯ ಮೇಲೆ ಗುಡ್ಡ ಗುಡ್ಡವಾಗಿ ಕಂಡಿತು. ಚಿಗುಸಾ ತನ್ನ ಧಾಟಿಯನ್ನು ಅಷ್ಟೇ ತಡಗಳಲ್ಲಿ ಒಂದರ ಹಿಂದೊಂದು ಇಟ್ಟರು. ಬಂದರಿನ ನರಳಾಟ ಮನೆಯಲ್ಲೇ ಕೇಳಿಸಿತು. ಇನ್ನು ಅದನ್ನು ಬಿಡಿಸಬೇಕಿತ್ತು.

ಬಿಡಿಸುವುದೆಂದರೆ ಅಳಿಸುವುದು. ಮೊದಲು ಡೋಲು ಹೋಯಿತು. ಹಕ್ಕಿಗಳು ಹೋದವು. ಪಿಟೀಲುಗಳನ್ನು ಎರಡು ದಿನ ಇಟ್ಟುಕೊಂಡು ನೋಡಿ, ಡಿಸೆಂಬರನ್ನು ನೆನೆದು, ಅಳಿಸಿದರು. ಪಿಯಾನೋದ ಜೋಡಿಸ್ವರಗಳು ಒಂಟಿಯಾದವು. ಆಮೇಲೆ ಪಿಯಾನೋ ಹೋಗಿ, ತಗಡಿನಲ್ಲೂ ಸ್ಪಷ್ಟವಾಗಿ ಕೇಳುವ ತೆಳುವಾದ ಗಂಟೆಯ ದನಿ ಬಂತು. ಒಂದು ಸ್ವರ, ನಂತರ ಬಿಡುವು. ಮರಳಿ ಬರುವ ಸ್ವರಕ್ಕೆ ಒಗ್ಗುವಂಥದ್ದೇ ಮುಂದಿನದಾಗಬೇಕು. ಉಳಿದವೆಲ್ಲ ಹೇಗೋ ಒಗ್ಗಿದವು. ಮೂರನೆಯದು ಒಗ್ಗಲಿಲ್ಲ. ಆ ಜಿಗಿತ ತನ್ನ ಹಿಂದಿನ ಸ್ವರದ ಮರುದನಿಯೊಂದಿಗೆ ಪ್ರತಿ ಸಲವೂ ಜಗಳವಾಡಿತು. ಬೇರೆ ದನಿ ಕೊಟ್ಟು ನೋಡಿದರು, ಮುಂದೆ ಸರಿಸಿದರು, ಹಿಂದೆ ಸರಿಸಿದರು.

"ಅದೊಂದು ಬಿಟ್ಬಿಡು," ಅಂದರು ಮೊರಿಯೊ, ಊಟದ ತಟ್ಟೆಯ ಮುಂದೆ.

"ಅದೊಂದಕ್ಕೇ ಇದೆಲ್ಲ ಶುರು ಮಾಡಿದ್ದು."

"ಹಾಗಾದ್ರೆ ಕಾರ್ಖಾನೆಯದ್ದು ಹಾಕಿಸು."

ಆಕೆ ಅನ್ನ ಅರ್ಧಕ್ಕೇ ಬಿಟ್ಟು ಮಹಡಿಗೆ ಹೋಗಿ ಮೂರನೆಯ ಸ್ವರವನ್ನು ಅಳಿಸಿದರು. ಉಳಿದದ್ದು ಐದು ಸ್ವರ. ಎಂಥ ಮಗುವೂ ಒಂದೇ ಬೆರಳಿನಲ್ಲಿ ನುಡಿಸಬಹುದಾದದ್ದು.

ಫೆಬ್ರವರಿಯ ಕೊನೆಯ ಶುಕ್ರವಾರ ಆ ಐದು ಸ್ವರಗಳು ಮೊಳಗಿದವು. ಈ ಸಲ ಚಿಗುಸಾ ಕಚೇರಿಯಲ್ಲೇ, ಫೋನಿನ ಪಕ್ಕದಲ್ಲೇ ಇದ್ದರು. ಕುಮಗಾಯ್ ಗಡಿಯಾರ ನೋಡುತ್ತಾ ಒಂದು ಲೋಟ ಚಹಾ ಮುಗಿಸಿದರು. ಫೋನು ರಿಂಗಾಗಲಿಲ್ಲ.

"ಒಬ್ಬರೂ ಮಾಡಲಿಲ್ಲ," ಅಂದರು. "ಪಾಸು. ಇದನ್ನೇ ಕೂರಿಸೋಣ."

"ಹೇಗಿತ್ತು, ಕುಮಗಾಯ್ ಸಾನ್?"

"ಅದೇ ಹೇಳಿದೆನಲ್ಲ, ಯಾರೂ ಫೋನ್ ಮಾಡಲಿಲ್ಲ." ಅವರು ಎದ್ದು ಕೋಟು ಹಾಕಿಕೊಂಡರು. "ಹಾಂ, ಬೆಳಗಿನ ಏಳಕ್ಕೂ ಇಂಥದ್ದೊಂದು ಮಾಡಿಬಿಡಿ. ಇಷ್ಟು ಚಿಕ್ಕದಾದ್ರೆ ಒಂದು ಸಂಜೆಯ ಕೆಲಸ ಅಲ್ವಾ?"

ಚಿಗುಸಾ ದೀಪ ಆರಿಸಿ ಇಳಿದರು. ಕಿಯೆ ಬಂಗುಡೆ ತರಲು ಹೇಳಿದ್ದರು. ಬಂದರಿನಲ್ಲಿ ತೊಶಿ ಕಟ್ಟೆ ತೊಳೆದು, ಕೋಲು ಹಾಕಿ ಶಟರ್ ಎಳೆಯುತ್ತಿದ್ದರು.

"ಕೇಳಿಸ್ತಾ?" ಅಂದರು ಚಿಗುಸಾ.

"ಏನು?"

"ಈಗ ಬಂತಲ್ಲ, ಐದು ಗಂಟೆದು."

"ಕೇಳಿಸ್ದೆ ಇರುತ್ತಾ? ಅದಕ್ಕೇ ಮುಚ್ತಿರೋದು."

"ಅದು ಹೊಸದು, ತೊಶಿ. ನಾನು ಮಾಡಿದ್ದು."

ತೊಶಿ ಕೋಲು ಹಿಡಿದೇ ಯೋಚಿಸಿದರು. "ಹೊಸದಾ? ಮೊದ್ಲಿಂದ ಹೀಗೇ ಇತ್ತಲ್ಲೇ?"

ಚಿಗುಸಾ ತಿರುಗಿ ನಡೆದರು. ಏರುದಾರಿಯ ಅರ್ಧಕ್ಕೆ ಬಂದಾಗ ಬಂಗುಡೆ ನೆನಪಾಗಿ, ಹಲ್ಲು ಕಚ್ಚಿಕೊಂಡು ಮತ್ತೆ ಇಳಿದು ಹೋದರು. ಶಟರ್ ನೆಲ ಮುಟ್ಟಿತ್ತು. ತಟ್ಟಿದರು.

"ಐದಾಯ್ತು ಕಣೇ," ಒಳಗಿನಿಂದ ತೊಶಿ ಕೂಗಿದರು. "ನಾಳೆ ಬಾ."