ರಕ್ತ ತೆಳುವಾಗುವುದಿಲ್ಲ

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಫಾರ್ಮಸಿ ಡಿಪ್ಲೊಮಾ ಮುಗಿಸಿ ಅಂಗಡಿ ಹಾಕಿದಾಗಿನಿಂದ ಡಾಕ್ಟರ ಚೀಟಿ ಓದುವುದು, ಗುಳಿಗೆ ಕೊಡುವುದು, ಯಾವುದು ಏತಕ್ಕೆ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ದೊಡ್ಡ ದೊಡ್ಡ ಪದಗಳನ್ನು ಜನರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳುವುದರಲ್ಲಿ ಈ ಸುತ್ತಮುತ್ತ ನನಗೆ ಸಮ ಯಾರೂ ಇಲ್ಲ ಎಂಬ ಹಮ್ಮೂ ಇತ್ತು. ಅದನ್ನು ಇಳಿಸಿದವಳು ನನ್ನ ಅಕ್ಕ.

ಅಕ್ಕ ಕೊಟ್ಟೂರಿನಲ್ಲಿ ಇದ್ದಾಳೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಳೇ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತಾಳೆ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಅವಳ ಹೃದಯದ ಒಂದು ಕವಾಟ ಕೆಟ್ಟಿತ್ತು. ಅದು ಗೊತ್ತಾದದ್ದು ಮಾತ್ರ ನಲವತ್ತು ದಾಟಿದ ಮೇಲೆ, ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿದಾಗ. ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿ ಲೋಹದ ಕವಾಟ ಹಾಕಿಸಿದೆವು. ಮನೆಗೆ ಕಳಿಸುವಾಗ ಬರೆದ ಗುಳಿಗೆಗಳಲ್ಲಿ ಒಂದು ವಾರ್ಫರಿನ್. ಅದನ್ನು ಜೀವ ಇರುವ ತನಕ ತೆಗೆದುಕೊಳ್ಳಬೇಕು.

"ಇದು ಏನಕ್ಕೋ ತಮ್ಮ?" ಎಂದಳು ಅಕ್ಕ.

"ರಕ್ತ ತೆಳು ಮಾಡೋ ಗುಳಿಗಿ. ಒಂದು ದಿನನೂ ತಪ್ಪಿಸಬ್ಯಾಡ" ಎಂದೆ. ನಾವೆಲ್ಲ ಹೇಳುವುದೇ ಹಾಗೆ. ಅಂಗಡಿಯಲ್ಲಿ ಅದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ ಲೆಕ್ಕವಿಲ್ಲ.

ಐದಾರು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೊಂದು ಸಲ ರಕ್ತ ಪರೀಕ್ಷೆಯ ಚೀಟಿಯನ್ನು ಎರಡೆರಡು ಸಲ ಓದಿದೆ. ಐಎನ್‌ಆರ್ ಎಂಬ ಅಂಕಿ ಅವಳಿಗೆ ಎರಡೂವರೆಯಿಂದ ಮೂರೂವರೆಯ ಒಳಗೆ ಇರಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಬಂದದ್ದು ಒಂದೂಕಾಲು. ಅಂದರೆ ಗುಳಿಗೆಯ ಕೆಲಸವೇ ನಡೆದಿಲ್ಲ. ಅಂದೇ ದಾವಣಗೆರೆಗೆ ಕರೆದುಕೊಂಡು ಹೋದೆ.

"ಗುಳಿಗೆ ಬಿಟ್ಟಿದ್ರೇನಮ್ಮ?" ಎಂದು ಹೃದಯದ ಡಾಕ್ಟರು ಕೇಳಿದರು.

"ಇಲ್ರಿ" ಎಂದಳು ಅಕ್ಕ, ನೆಲ ನೋಡುತ್ತಾ.

ಕವಾಟದ ಮೇಲೆ ರಕ್ತ ಗಡ್ಡೆ ಕಟ್ಟಿದೆಯೋ ಎಂದು ಸ್ಕ್ಯಾನ್ ಮಾಡಿದರು. ಪುಣ್ಯಕ್ಕೆ ಕಟ್ಟಿರಲಿಲ್ಲ. ಅಂಕಿ ಮೇಲೆ ಬರುವ ತನಕ ಅಲ್ಲೇ ಇಟ್ಟುಕೊಂಡು ಗಡ್ಡೆ ಕಟ್ಟದಿರಲೆಂದು ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಸೂಜಿ ಕೊಟ್ಟರು. ಎರಡನೇ ದಿನ ಮಧ್ಯಾಹ್ನ, ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ, ಅವಳಾಗಿಯೇ ಬಾಯಿಬಿಟ್ಟಳು.

ಕೌದಿ ಹೊಲಿಯುವಾಗ ಸೂಜಿ ಚುಚ್ಚಿತಂತೆ. ಹಿಂದೆಲ್ಲ ಬಾಯಲ್ಲಿಟ್ಟು ಚೀಪಿದರೆ ನಿಲ್ಲುತ್ತಿದ್ದ ರಕ್ತ ಆ ದಿನ ನಿಲ್ಲಲೇ ಇಲ್ಲ. ಜೊತೆಗೆ ಕೂತು ಹೊಲಿಯುತ್ತಿದ್ದ ಪಕ್ಕದ ಮನೆಯಾಕೆ, "ನಿನ್ನ ರಕ್ತ ನೀರಾಗೇತವ್ವ. ಹಿಂಗ ತೆಳು ಮಾಡ್ಕೊಂತ ಹೋದ್ರ ಮೈಯಾಗ ಏನು ಉಳಿತೈತಿ?" ಎಂದಳಂತೆ. ಮೊದಲು ದಿನ ಬಿಟ್ಟು ದಿನ ನುಂಗಿದಳು. ಆಮೇಲೆ ಪೂರಾ ಬಿಟ್ಟಳು.

"ನನಗೊಂದು ಮಾತು ಕೇಳಬಾರದಾಗಿತ್ತಾ?" ಎಂದು ರೇಗಿದೆ.

"ನಿನ್ನ ಕೇಳಿದ್ನಲ್ಲೋ! ರಕ್ತ ತೆಳು ಮಾಡ್ತೈತಿ ಅಂತ ನೀನ ಹೇಳಿದ್ದು. ನೀರು ಜಾಸ್ತಿ ಆದ್ರ ಸಾರು ತೆಳು ಆಗ್ತೈತಿ. ಸೊರಗಿದ್ರ ಮನುಷ್ಯಾ ತೆಳು ಆಗ್ತಾನ. ತೆಳು ಅಂದ್ರ ಒಳ್ಳೇದು ಅಂತ ಯಾರಾದ್ರೂ ಅಂದಿದ್ದು ಕೇಳೀ ಏನು?"

ಇಂಗ್ಲಿಷಿನವರು ರೂಢಿಗೆ 'ಬ್ಲಡ್ ಥಿನ್ನರ್' ಅಂದ ಮಾತನ್ನು ನಾವು ಹಾಗೇ ಎತ್ತಿ ಕನ್ನಡಕ್ಕೆ ಇಟ್ಟಿದ್ದೆವು. ಆ ಮಾತು ಅಕ್ಷರಶಃ ಸುಳ್ಳು ಎಂದು ಓದಿದವನು ನಾನು. ವಾರ್ಫರಿನ್ ರಕ್ತವನ್ನು ತೆಳು ಮಾಡುವುದಿಲ್ಲ. ಯಾವ ಸುಳ್ಳಿಗೆ ಅಕ್ಕನ ಜೀವ ಹೋಗುವುದರಲ್ಲಿತ್ತೋ ಅದನ್ನು ಆಡಿದವನು ನಾನೇ.

"ಅಕ್ಕಾ, ನಾ ಹೇಳಿದ್ದ ತಪ್ಪು" ಎಂದೆ. "ರಕ್ತ ತೆಳು ಆಗಂಗಿಲ್ಲ. ಹೆಪ್ಪುಗಟ್ಟೋದು ತಡ ಆಗ್ತೈತಿ, ಅಷ್ಟ."

ಮಲಗಿದ್ದವಳು ಎದ್ದು ಕೂತಳು. "ಹೆಪ್ಪು ಅಂದ್ರ? ಮೊಸರಿಗೆ ಹಾಕ್ತೀವಲ್ಲ, ಆ ಹೆಪ್ಪಾ?"

"ಹೂಂ."

"ಹಂಗಾದ್ರ ಹಾಲು ಹಾಲಾಗೇ ಇರ್ತೈತಿ! ಕೆನಿನೂ ಹೋಗಂಗಿಲ್ಲ, ನೀರೂ ಕೂಡಂಗಿಲ್ಲ. ಮೊಸರಾಗೋದು ತಡ, ಹೌದಿಲ್ಲೋ?"

"ಹೌದು."

"ಮತ್ತ ತಡ ಯಾಕ ಮಾಡಬೇಕು?"

"ನಿನ್ನ ಎದಿಯಾಗ ಇಟ್ಟಾರಲ್ಲ, ಆ ಲೋಹದ ಕದ, ಅದರ ಮ್ಯಾಲೆ ರಕ್ತ ಲಗೂನ ಹೆಪ್ಪಾಗ್ತೈತಿ. ಗಡ್ಡಿ ಕಟ್ಟಿದ್ರ ಕದ ತೆರಿಯಂಗಿಲ್ಲ. ಗಡ್ಡಿ ತುಂಡಾಗಿ ಮೆದುಳಿಗೆ ಹೋದ್ರ ಲಕ್ವಾ."

ಆಮೇಲೆ ಐಎನ್‌ಆರ್ ಅಂದರೇನು ಎಂದು ಕೇಳಿದಳು. ಗುಳಿಗೆ ನುಂಗದವರ ರಕ್ತಕ್ಕೆ ಒಂದು ಎಂದು ಇಟ್ಟುಕೊಂಡರೆ, ಅದಕ್ಕಿಂತ ನಿನ್ನದು ಹೆಪ್ಪಾಗುವುದು ಎಷ್ಟು ತಡ ಎಂದು ತೋರಿಸುವ ಅಂಕಿ ಎಂದೆ. "ಊರ ಮಂದಿ ಹಾಲು ಒಂದು ತಾಸಿಗೆ ಮೊಸರಾದ್ರ ನಂದು ಎರಡೂವರಿ, ಮೂರು ತಾಸು ತಗೋಬೇಕು. ಅದಕ್ಕೂ ತಡ ಆದ್ರ ಗಾಯ ಮಾಯಂಗಿಲ್ಲ, ರಕ್ತ ಹರೀತೈತಿ. ಸರಿನಾ?" ಎಂದಳು. ಸರಿ ಎಂದೆ. 'ಹೆಪ್ಪುಗಟ್ಟುವಿಕೆ' ಎಂದು ನಾನು ಎಷ್ಟು ಸಲ ಬರೆದಿದ್ದೆನೋ. ಅದರೊಳಗೆ ನಮ್ಮ ಮನೆಯ ಮೊಸರಿನ ಗಡಿಗೆ ಒಂದು ದಿನವೂ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಅಕ್ಕ ಗುಳಿಗೆ ತಪ್ಪಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅರ್ಥವಾಗದ ಒಂದು ಪದವನ್ನೂ ಹಾಗೇ ಬಿಡಲಿಲ್ಲ. ಸೈಡ್ ಎಫೆಕ್ಟ್ ಬೇರೆ, ಅಲರ್ಜಿ ಬೇರೆ ಎಂದು ನನ್ನಿಂದಲೇ ಬಿಡಿಸಿಕೊಂಡಳು. ಡೋಸ್ ಎಂದರೆ ಗುಳಿಗೆಯ ಎಣಿಕೆಯಲ್ಲ, ಒಂದು ಸಲಕ್ಕೆ ಮೈ ಸೇರುವ ಔಷಧದ ತೂಕ ಎಂದು ತಿಳಿದ ದಿನ, ಗುಳಿಗೆ ಪಟ್ಟಿಯ ಮೇಲಿನ ಮಿಲಿಗ್ರಾಂ ಅಂಕಿ ಓದುವುದನ್ನು ಕಲಿತಳು. ಒಂದು ಮದ್ದು ಇನ್ನೊಂದರ ಕೆಲಸ ಕೆಡಿಸುವುದಕ್ಕೆ ಇಂಟರಾಕ್ಷನ್ ಎನ್ನುತ್ತಾರೆ ಎಂದಾಗ, "ಓರಗಿತ್ತೇರ ಜಗಳ ಅನ್ನು" ಎಂದು ನಕ್ಕಳು. ಅಂಥ ಜಗಳಗಂಟ ಮದ್ದುಗಳ ಹೆಸರನ್ನು ನನ್ನ ಕೈಯಿಂದ ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಿದಳು.

ಕಳೆದ ವರ್ಷ ಮನೆಯವರೆಲ್ಲ ಉಚ್ಚಂಗಿದುರ್ಗಕ್ಕೆ ಹೋಗಿದ್ದೆವು. ಗುಡ್ಡದ ಮೇಲಿನ ದೇವಿಯ ದರ್ಶನ ಮುಗಿಸಿ ಇಳಿಯುವಾಗ ಅಕ್ಕ ಮೆಟ್ಟಿಲು ತಪ್ಪಿ ಬಿದ್ದಳು. ಮೊಣಕಾಲು ಊದಿತು. ಹರಪನಹಳ್ಳಿಗೆ ಬಂದು ಒಂದು ಕ್ಲಿನಿಕ್ಕಿನಲ್ಲಿ ಅವಳನ್ನು ಕೂರಿಸಿ, ಗಾಡಿ ಬದಿಗೆ ನಿಲ್ಲಿಸಲು ನಾನು ಹೊರಗೆ ಹೋದೆ. ತಿರುಗಿ ಒಳಗೆ ಬರುವಷ್ಟರಲ್ಲಿ ಸೂಜಿ ಹಿಡಿದ ನರ್ಸ್ ನಿಂತಲ್ಲೇ ನಿಂತಿದ್ದಳು. ಅಕ್ಕ ಮಾತಾಡುತ್ತಿದ್ದಳು.

"ಸೂಜಿಯಾಗ ಇರೋದು ಯಾವುದವ್ವ?"

"ನೋವಿಂದು ಅಮ್ಮ. ಡೈಕ್ಲೋಫೆನಾಕ್."

"ಅದು ನನಗ ಬ್ಯಾಡ. ಎದಿಗೆ ಲೋಹದ ಕವಾಟ ಹಾಕ್ಯಾರ, ವಾರ್ಫರಿನ್ ತಗೋತೀನಿ. ಈ ಮದ್ದು ಅದರ ಜೋಡಿ ಕೂಡಿದ್ರ ಒಳಗ ರಕ್ತ ಹರಿಯೋ ಭಯ ಐತಿ. ಸೊಂಟಕ್ಕ ಸೂಜಿನೂ ಹಾಕಬಾರದು, ಚುಚ್ಚಿದಲ್ಲಿ ಒಳಗ ರಕ್ತ ತುಂಬ್ತೈತಿ ಅಂದಾರ. ಡಾಕ್ಟರ ಮುಂದ ಹೇಳಿ ಬಾ."

ಡಾಕ್ಟರು ತಾವೇ ಎದ್ದು ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬಿಪಿ, ಶುಗರ್ ಇಲ್ಲ ಅಂದ್ರಲ್ಲಮ್ಮ ನೀವು" ಎಂದರು.

"ಅವೆರಡ ಕೇಳಿದ್ರಿ. ಅವೆರಡೂ ಇಲ್ರಿ."

ಡಾಕ್ಟರು ಸಿಟ್ಟಾಗಲಿಲ್ಲ. ಕೀಲಿನೊಳಗೆ ರಕ್ತ ತುಂಬಿದೆಯೇ ಎಂದು ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ಐಎನ್‌ಆರ್‌ಗೂ ಬರೆದರು. ಐಸ್ ಇಡಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಹೊರಡುವಾಗ, "ಇವರು ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾರಾ?" ಎಂದು ನನ್ನನ್ನು ಕೇಳಿದರು. "ಇಲ್ರಿ ಮೇಡಮ್, ಕೌದಿ ಹೊಲೀತಾಳ. ನಮ್ಮ ಅಕ್ಕ" ಎಂದೆ. ನನ್ನ ಡಿಪ್ಲೊಮಾ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದ ದಿನವೂ ಅಷ್ಟು ಹೆಮ್ಮೆ ಆಗಿರಲಿಲ್ಲ.

ಮರುವಾರವೇ ವಾರ್ಫರಿನ್ ಒಯ್ಯುವವರಿಗೆ ಕೊಡಲೆಂದು ಒಂದು ಪುಟದ ಹಾಳೆ ಬರೆದೆ. ನಿಘಂಟು ತೆಗೆದು 'ಗರಣೆರೋಧಕ' ಎಂದು ತಲೆಬರಹ ಇಟ್ಟಿದ್ದೆ. ಅಕ್ಕನಿಗೆ ಓದಿ ಹೇಳಿದರೆ, "ಅದ್ಯಾವ ದೇವರ ಹೆಸರೋ?" ಎಂದಳು. ಹೊಡೆದು ಹಾಕಿ 'ರಕ್ತ ಬೇಗ ಹೆಪ್ಪಾಗದಂತೆ ತಡೆಯುವ ಗುಳಿಗೆ' ಎಂದು ಬರೆದೆ. ಅದರ ಕೆಳಗೆ, 'ಇದರಿಂದ ರಕ್ತ ತೆಳುವಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ' ಎಂಬ ಸಾಲು ಹಾಕಿಸಿದವಳು ಅವಳೇ. ದಾವಣಗೆರೆಯ ಹೃದಯದ ಡಾಕ್ಟರು ಅದನ್ನು ಓದಿ, ತಮ್ಮ ರೋಗಿಗಳಿಗೂ ಕೊಡುತ್ತೇನೆಂದು ಪ್ರತಿ ಇಟ್ಟುಕೊಂಡರು.

ಮೊನ್ನೆ ಸಂಜೆ ಅಂಗಡಿಯಲ್ಲಿ ಜನ ತುಂಬಿದ್ದಾಗ ಅಕ್ಕನ ಫೋನ್ ಬಂತು. ಗುಳಿಗೆ ಬಿಡಿಸಿದ್ದಳಲ್ಲ, ಅದೇ ಪಕ್ಕದ ಮನೆಯಾಕೆ ತನ್ನ ಪರೀಕ್ಷೆಯ ಚೀಟಿ ಹಿಡಿದು ಅಕ್ಕನ ಹತ್ತಿರ ಬಂದು ಕೂತಿದ್ದಳಂತೆ.

"ಲೇ, ಕ್ರಿಯಾಟಿನಿನ್ ಅಂದ್ರ ಏನೋ? ಸರಿಯಾಗಿ ಹೇಳು. ಸುಮ್ನ ಕಿಡ್ನಿದು ಅಂದು ಬಿಡಬ್ಯಾಡ."

ಗಿರಾಕಿಗಳಿಗೆ ಒಂದು ನಿಮಿಷ ತಡೆಯಿರಿ ಎಂದು ಕೈ ಮಾಡಿ, ಸ್ಟೂಲು ಎಳೆದುಕೊಂಡು ಕೂತು ಹೇಳತೊಡಗಿದೆ.