ಚಾಕಿ ಮನೆಗೆ ಎಳೆದ ಗೆರೆ

ಬೈರಕೂರಿನ ಹತ್ತಿರದ ನಮ್ಮೂರಿನಲ್ಲಿ ನನ್ನ ಮಾವನದೊಂದು ಚಾಕಿ ಮನೆ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ವಾರದ ಮಟ್ಟಿಗೆ ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರಿಗೆ ಕೊಡುವುದು ನಮ್ಮ ಕಸುಬು. ಪೊರೆ ಕಳಚುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದಕ್ಕೆ ಹಸಿವಿಲ್ಲ, ಟೆಂಪೊದಲ್ಲಿ ಕಳಿಸಬಹುದು. ತಿನ್ನುತ್ತಿರುವಾಗಲೇ ಸಾಗಿಸಿದರೆ ದಾರಿಯಲ್ಲಿ ಸೊರಗಿ, ಆಮೇಲೆ ಒಂದು ಎದ್ದರೆ ಇನ್ನೊಂದು ಮಲಗಿ, ರೈತನ ಬೆಳೆಯೇ ಕೆಡುತ್ತದೆ.

ಮದುವೆಯಾಗಿ ಎರಡು ವರ್ಷವಾದರೂ ಆ ಮನೆಯೊಳಗೆ ಕಾಲಿಡಲು ನನಗೆ ಅಪ್ಪಣೆ ಇರಲಿಲ್ಲ. ಕೋಪ ತಾಪ ಏನಲ್ಲ. "ಹುಳದ ಮನೆಗೆ ಜಾಸ್ತಿ ಕಣ್ಣು ಬೀಳಬಾರದಮ್ಮ" ಎನ್ನುವುದು ಮಾವನ ಕಾಯಿದೆ. ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಅವರೂ ನನ್ನ ಗಂಡನೂ ಒಳಗೆ ಹೋಗುವರು. ನಾನು ಹೊರಗೆ ಕೂತು ಹೆಚ್ಚಿದ ಸೊಪ್ಪನ್ನು ಬಾಗಿಲಲ್ಲೇ ಅವರ ಕೈಗೆ ಕೊಡಬೇಕು. ಹುಳುವಿನ ಹೊಟ್ಟೆ ತುಂಬಿಸುವವಳು ನಾನು, ಮುಖ ನೋಡುವವರು ಅವರು! ನನಗೆ ಉರಿದುಹೋಗುತ್ತಿತ್ತು.

ಹುಳು ಕೊಡುವ ಹಿಂದಿನ ದಿನ ಮಾವ ಒಬ್ಬೊಬ್ಬ ರೈತನಿಗೂ ಫೋನು ಮಾಡುತ್ತಿದ್ದರು. ಹುಳುವಿನ ಮಾತು ಅರ್ಧ ನಿಮಿಷ, ಮಾವಿನ ಹೂವು, ಬೋರ್‌ವೆಲ್ಲು, ಬೀಗರ ಮಂಡಿನೋವು ಅರ್ಧ ಗಂಟೆ. ಮದುವೆಗೆ ಮುಂಚೆ ನಾನು ವೇಮಗಲ್‌ನ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೆ. ಪರದೆಯ ಮೇಲೆ ಡಬ್ಬಿಗಳನ್ನಿಟ್ಟು, ಗೆರೆ ಎಳೆದು ಸೇರಿಸಿದರೆ ತಾನಾಗಿ ಕೆಲಸ ಮಾಡುವ ಒಂದು ಪ್ರೋಗ್ರಾಮನ್ನು ಅಲ್ಲಿ ಕಲಿತಿದ್ದೆ. ಅದನ್ನೇ ಇಲ್ಲಿಗೆ ತಂದೆ. ಮೊದಲ ಡಬ್ಬಿ ಹುಳು ಕೇಳಿದ ರೈತರ ಬುಕಿಂಗ್ ಶೀಟು. ಎರಡನೆಯದು ಮೊಟ್ಟೆಯೊಡೆದ ತಾರೀಖಿಗೆ ದಿನ ಕೂಡಿಸಿ ಹುಳು ಕೊಡುವ ದಿನ ಹೇಳುತ್ತದೆ. ಮೂರನೆಯದು ರೈತರ ಫೋನಿಗೆ "ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ" ಎಂದು ಮೆಸೇಜು ಕಳಿಸುತ್ತದೆ. ಎರಡು ಸಲ ಸಲೀಸಾಗಿ ನಡೆಯಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೂರನೆಯ ಸಲ ಮಂಜು, ಮೈ ಕೊರೆಯುವ ಚಳಿ. ಹೇಳಿದ ಹೊತ್ತಿಗೆ ಹತ್ತು ಹನ್ನೆರಡು ರೈತರು ಬಂದು ಬಾಗಿಲಲ್ಲಿ ನಿಂತರು. ಮಾವ ಕಕ್ಕಾಬಿಕ್ಕಿ.

"ಇವರನ್ನ ಯಾರು ಬರ ಹೇಳಿದ್ದು?"

"ಮೆಸೇಜ್ ಹೋಗ್ಯದೆ ಮಾವ."

"ನಾನು ಹೇಳದೆ ಅದು ಹೆಂಗೆ ಹೋಗ್ತದೆ?"

ಅಲ್ಲಿತ್ತು ಎಡವಟ್ಟು. ತಾವು ಹೇಳಿದ ಮೇಲೆಯೇ ಮೆಸೇಜು ಹೋಗುತ್ತದೆಂದು ಅವರು ತಿಳಿದಿದ್ದರು. ತಾರೀಖು ಬಂದರೆ ಹುಳು ಜ್ವರಕ್ಕೆ ಕೂತೇ ಕೂರುತ್ತದೆಂದು ನಾನು ತಿಳಿದಿದ್ದೆ. ಮೊದಲೆರಡು ಸಲ ಅವರ ಮಾತೂ ನನ್ನ ತಾರೀಖೂ ಒಂದೇ ದಿನ ಬಿದ್ದಿದ್ದರಿಂದ ಇಬ್ಬರಿಗೂ ಗೊತ್ತಾಗಿರಲಿಲ್ಲ. ಮಾವ ಒಂದು ಟ್ರೇ ತಂದು ಬಾಗಿಲಲ್ಲಿ ಹಿಡಿದರು. ಬಂದವರಲ್ಲಿ ಒಬ್ಬ ಅಜ್ಜಿ ಬಗ್ಗಿ ನೋಡಿ, ತೆಲುಗಿನಲ್ಲಿ "ಇಂಕಾ ತಿಂಟಾ ಉಂಡಾಯಿ ಕದಮ್ಮಾ" ಎಂದು ನನ್ನ ಕಡೆ ತಿರುಗಿದಳು. ಹೌದು, ಇನ್ನೂ ತಿನ್ನುತ್ತಲೇ ಇದ್ದವು. ಚಳಿಗೆ ಹುಳು ಹಿಂದೆ ಬಿದ್ದಿದ್ದು ನನ್ನ ಡಬ್ಬಿಗೆ ಗೊತ್ತಿಲ್ಲ, ಹೊರಗಿದ್ದ ನನಗೂ ಗೊತ್ತಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ? ಎಲ್ಲರಿಗೂ ಉಪ್ಪಿಟ್ಟು ಕೊಟ್ಟು, ನಾಳೆ ಬನ್ನಿ ಎಂದು ಕಳಿಸಿದೆವು. ಮುಂದಿನ ಸಲ ಬೇರೆ ಚಾಕಿ ಮನೆ ನೋಡಿಕೊಳ್ಳುತ್ತೇವೆಂದು ಇಬ್ಬರು ಗೊಣಗಿಕೊಂಡು ಹೋದರು. ಇನ್ನು ಸೊಪ್ಪು ಹೆಚ್ಚುವುದೇ ನನ್ನ ಗತಿ ಎಂದುಕೊಂಡೆ. ಅಳು ಬಂತು.

ಮಾವ ಬೈಯಲಿಲ್ಲ. ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟರು.

"ಕಾಲು ತೊಳ್ಕೊಂಡು ಒಳಗೆ ಬಾರಮ್ಮ. ನೋಡಬೇಕಾದ್ದನ್ನ ನೋಡೋಕೆ ಬಿಡದೆ ನಿನ್ನ ಕೈಲಿ ಲೆಕ್ಕ ಹಾಕಿಸ್ದೆ. ತಪ್ಪು ನಂದೂ ಅದೆ."

ಒಳಗೆ ಬೆಚ್ಚಗಿತ್ತು, ಹಸಿ ಸೊಪ್ಪಿನ ವಾಸನೆ. ಜ್ವರಕ್ಕೆ ಕೂತ ಹುಳು ಯಾವುದು, ಕೂರಲಿರುವುದು ಯಾವುದು, ಸೋಮಾರಿ ಯಾವುದು ಎಂದು ಮಾವ ಒಂದೊಂದನ್ನೇ ತೋರಿಸಿದರು. ಅಂದು ನನಗೆ ಎಲ್ಲವೂ ಒಂದೇ ಥರ ಕಂಡವು. ಆಮೇಲೆ ದಿನಾ ಮೂರು ಹೊತ್ತು ಒಳಗೆ ಹೋಗಿ ನೋಡಿ ನೋಡಿ ಕಲಿತೆ. ಎರಡನೆಯ ಮತ್ತು ಮೂರನೆಯ ಡಬ್ಬಿಯ ನಡುವಿನ ಗೆರೆ ಅಳಿಸಿ, ಹೊಸದೊಂದು ಡಬ್ಬಿ ಕೂರಿಸಿದೆ. ಮಾವನ ಫೋನಿನಲ್ಲಿ ಹಸಿರು ಬಟನ್ನು ಒತ್ತುವವರೆಗೆ ಅದು ಕಾಯುತ್ತದೆ.

ಮುಂದಿನ ಸಲ ಹುಳು ಕೊಡುವ ಹಿಂದಿನ ದಿನ ಮಧ್ಯಾಹ್ನ ಮಾವ ಆ ಫೋನನ್ನು ನನ್ನ ಕೈಗೇ ಕೊಟ್ಟರು.

"ಹೇಳಮ್ಮ, ಕಳಿಸೋದಾ?"

ಒಂದೊಂದೇ ಟ್ರೇ ಎಳೆದು ನೋಡಿದೆ. ಮುಕ್ಕಾಲು ಪಾಲು ಕೂತಿದ್ದವು. ಕೆಳಗಿನ ಸಾಲಿನಲ್ಲಿ ಮಾತ್ರ ಕೆಲವು ಇನ್ನೂ ಎಲೆಯ ಅಂಚು ಕಡಿಯುತ್ತಿದ್ದವು.

"ಬೇಡ ಮಾವ. ಸಂಜೆಗೆ ಇನ್ನೊಂದು ಸಲ ನೋಡ್ತೀನಿ."

ಮಾವ ಟ್ರೇ ಕಡೆ ತಿರುಗಿಯೂ ನೋಡಲಿಲ್ಲ. "ಹಂಗಾದ್ರೆ ನಾನೊಂದು ನಿದ್ದೆ ಮಾಡ್ತೀನಿ" ಎಂದು ಹೊರಗೆ ಹೋಗಿ, ಮಂಚದ ಮೇಲೆ ಅಡ್ಡಾದರು.