ಕೊನೆಯ ಸಾಲಿನ ಬಿಗಿ

ಕಳೆದುಹೋದ ಕತ್ತರಿಯನ್ನು ಒಮ್ಮೆ ಪತ್ತೆ ಹಚ್ಚಿಕೊಟ್ಟ ತಪ್ಪಿಗೆ, ಸ್ವೆಟರ್ ಹೆಣೆಯಲು ಕಲಿಸುವ ಟೀಚರಮ್ಮನಿಗೆ ಬೀದಿಯವರೆಲ್ಲ 'ಪತ್ತೇದಾರಕ್ಕ' ಎಂದು ಹೆಸರಿಟ್ಟಿದ್ದರು. ಊರ ಉಸಾಬರಿ ತನಗೆ ಬೇಡವೇ ಬೇಡ ಎಂದು ಆಕೆ ಸಿಡುಕುತ್ತಿದ್ದಳು.

ಇಂದು ಶಿಷ್ಯೆಯೊಬ್ಬಳ ಗಂಡ ಬಂದು, ಅವಳು ಅರ್ಧ ಹೆಣೆದಿದ್ದ ಸ್ವೆಟರ್ ತಂದುಕೊಟ್ಟ. "ಅವಳು ಖುಷಿಯಾಗಿ ತವರಿಗೆ ಹೋದ್ಲಕ್ಕ. ಇನ್ನು ಕ್ಲಾಸಿಗೆ ಬರಲ್ಲ."

ಹೆದರಿದ ಕೈ ದಾರವನ್ನು ಬಿಗಿಯಾಗಿ ಎಳೆಯುತ್ತದೆಂದು ಟೀಚರಮ್ಮನಿಗೆ ಗೊತ್ತು. ಸಡಿಲವಾಗಿ ಶುರುವಾದ ಹೆಣಿಗೆ ಬರಬರುತ್ತ ಬಿಗಿಯಾಗಿ, ಕೊನೆಯ ಸಾಲಿನಲ್ಲಿ ಕಡ್ಡಿಯನ್ನೇ ಕಚ್ಚಿ ಹಿಡಿದಿತ್ತು.

"ಹೆಣಿಗೆ ನೋಡಿದ್ರೆ ನಿಮಗೆ ಎಲ್ಲಾ ಗೊತ್ತಾಗುತ್ತಂತೆ, ಅವಳು ಹೇಳ್ತಿದ್ಲು."

"ಅಯ್ಯೋ, ಅದೇನಿಲ್ಲಪ್ಪ," ಎಂದು ಆಕೆ ತನ್ನ ಹೆಣಿಗೆ ಕೈಗೆತ್ತಿಕೊಂಡಳು.

ಅವನು ಬಾಗಿಲು ಮುಂದೆ ಮಾಡಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಆಕೆಯ ಕೈಯನ್ನೇ ನೋಡತೊಡಗಿದ. ಎರಡನೇ ಸಾಲಿಗೆ ಟೀಚರಮ್ಮನ ಕಡ್ಡಿ ಹೆಣಿಗೆಯ ಒಳಗೆ ಹೋಗಲೇ ಇಲ್ಲ.